ಕಾಯುವ ಕಾಲದಲ್ಲಿ ಸಂತ ಜೋಸೆಫ್ ವಾಜ್

1651ರಲ್ಲಿ ಗೋವಾದಲ್ಲಿ ಹುಟ್ಟಿದ ವಾಜ್‌ರವರಿಗೆ ಶ್ರೀಲಂಕಾಕ್ಕೆ ಹೋಗುವ ಆಸೆ. ಅಲ್ಲಿ ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕರಿಗೆ ಗುರುಗಳೇ ಇರಲಿಲ್ಲ. ಆದರೆ 1681ರಲ್ಲಿ ಅವರನ್ನು ಕಳುಹಿಸಿದ್ದು ಕನ್ನಡ ಕರಾವಳಿಗೆ. ಬೇಸರಿಸದೆ ಮಂಗಳೂರು, ಬಸ್ರೂರು, ಗಂಗೊಳ್ಳಿಯ ವಿಶ್ವಾಸಿಗಳಿಗಾಗಿ ಮೂರು ವರ್ಷ ದುಡಿದರು. ಲಂಕೆಯ ದಾರಿ ತೆರೆದದ್ದು 1687ರಲ್ಲಿ. ಕೂಲಿಯಾಳಿನ ವೇಷದಲ್ಲಿ ಹೋದರು. ಕ್ಯಾಂಡಿಯಲ್ಲಿ ಗೂಢಚಾರರೆಂದು ಸೆರೆಗೆ ಹಾಕಿದಾಗ ಸಿಂಹಳ ಭಾಷೆ ಕಲಿತರು. 1711ರಲ್ಲಿ ಅಲ್ಲಿಯೇ ದೈವಾಧೀನರಾದರು. 2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ತಾಳವಾಡಿಯ ನಾವೂ ಕಾಯುವವರೇ: ಹಿರಿಯರು ಮಳೆಗೆ, ಓದು ಮುಗಿಸಿದ ನಾವು ಕೆಲಸಕ್ಕೆ. ವಾಜ್‌ರವರು ಕಾಯುವಾಗ ಕೈಕಟ್ಟಿ ಕೂರಲಿಲ್ಲ. ಕಳುಹಿಸಿದ ಊರಿನಲ್ಲೇ ದೇವರ ಕೆಲಸ ಕಂಡರು. ದೇವರ ಸಮಯ ಬರುವವರೆಗೆ, ಇಂದು ಕೈಗೆ ಬಂದ ಸೇವೆಯನ್ನು ನಾವೂ ಮನಸಾರೆ ಮಾಡೋಣ.