ಹೃದಯ ರಿಪೇರಿಗೆ ಇಳಿದ ಎಲೆಕ್ಟ್ರಿಕಲ್ ಮೇಷ್ಟ್ರು

ಸಂಚಿಕೆಗೆ ಒಬ್ಬ ಇಂಜಿನಿಯರ್ ಬಗ್ಗೆ ಬರೆಯೋಣ ಅಂತ ಕೂತರೆ ಎಲ್ಲರ ಬಾಯಲ್ಲೂ ಮೊದಲು ಬರೋ ಹೆಸರು ಸರ್ ಎಂ.ವಿ. ಅವರದು. ಬರಲೇಬೇಕು. ಆದರೆ ಅವರ ಬಗ್ಗೆ ಪ್ರತಿ ಸೆಪ್ಟೆಂಬರಿನಲ್ಲೂ ಓದುತ್ತೇವೆ, ಭಾಷಣ ಕೇಳುತ್ತೇವೆ. ಹಾಗಾಗಿ ಈ ಸಲ ನಾವು ಬೇರೆ ಒಬ್ಬರನ್ನು ಆರಿಸಿಕೊಂಡಿದ್ದೇವೆ. ಕುಸಿದು ಬಿದ್ದವರ ಎದೆಯನ್ನು ಎರಡೂ ಕೈಯಿಂದ ಒತ್ತಿ ಬದುಕಿಸೋ ದೃಶ್ಯವನ್ನು ನಾವೆಲ್ಲ ಸಿನಿಮಾದಲ್ಲಿ ನೋಡಿದ್ದೇವೆ. ಅದಕ್ಕೆ ಸಿಪಿಆರ್ ಅಂತಾರೆ. ಆ ವಿಧಾನವನ್ನು ಜಗತ್ತಿಗೆ ಕೊಟ್ಟ ತಂಡದ ಹಿರಿಯ ಡಾಕ್ಟರ್ ಆಗಿರಲಿಲ್ಲ, ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿದ್ದರು. ಹೆಸರು ವಿಲಿಯಂ ಬೆನೆಟ್ ಕೌವೆನ್‌ಹೋವನ್. ವೈದ್ಯರ ಲೋಕದಲ್ಲಿ ದೊಡ್ಡ ಹೆಸರು. ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರಿಗೇ ಅಪರಿಚಿತ!

ಕೌವೆನ್‌ಹೋವನ್ ಹುಟ್ಟಿದ್ದು 1886ರ ಜನವರಿ 13ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಲ್ಲಿನ ಪಾಲಿಟೆಕ್ನಿಕ್‌ನಲ್ಲೇ ಇಂಜಿನಿಯರಿಂಗ್ ಓದಿ, ಆಮೇಲೆ ಜರ್ಮನಿಯ ಕಾರ್ಲ್ಸ್‌ರುಹೆಗೆ ಹೋಗಿ 1913ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷವೇ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿ ಸೇರಿದರು. ಅವರ ವಿಷಯ ಇನ್ಸುಲೇಷನ್ ಮತ್ತು ವಿದ್ಯುತ್ ಮಾಪನ. ಅಂದರೆ ಕೇಬಲ್ಲು, ಮೀಟರು, ಲೀಕೇಜು. 1938ರಲ್ಲಿ ಅಲ್ಲಿನ ಇಂಜಿನಿಯರಿಂಗ್ ವಿಭಾಗದ ಡೀನ್ ಕೂಡ ಆದರು. ಇಷ್ಟೇ ಆಗಿದ್ದರೆ ಒಬ್ಬ ಒಳ್ಳೆ ಪ್ರೊಫೆಸರ್ ಆಗಿ ರಿಟೈರ್ ಆಗುತ್ತಿದ್ದರು, ನಾವು ಅವರ ಬಗ್ಗೆ ಬರೆಯುತ್ತಲೂ ಇರಲಿಲ್ಲ.

ಅವರ ದಾರಿ ತಿರುಗಿಸಿದ್ದು ಲೈನ್‌ಮನ್‌ಗಳ ಸಾವು. 1920ರ ದಶಕದಲ್ಲಿ ಅಮೆರಿಕದ ಊರೂರಿಗೂ ಕರೆಂಟು ಹೋಗುತ್ತಿತ್ತು. ಕಂಬ ಹತ್ತಿದ ಕೆಲಸಗಾರರು ಶಾಕ್ ಹೊಡೆದು ಸಾಯುವುದೂ ಹೆಚ್ಚಾಗಿತ್ತು. ಆಗ ವಿದ್ಯುತ್ ಕಂಪನಿಗಳು ಹೇಳಿಕೊಡುತ್ತಿದ್ದ ಪ್ರಥಮ ಚಿಕಿತ್ಸೆ ಅಂದರೆ ಬಿದ್ದವರನ್ನು ಬೋರಲು ಮಲಗಿಸಿ ಬೆನ್ನು ಒತ್ತಿ ಉಸಿರಾಡಿಸುವುದು. ಇದರಿಂದ ಕೆಲವರು ಏಳುತ್ತಿದ್ದರು, ಕೆಲವರು ಏಳುತ್ತಲೇ ಇರಲಿಲ್ಲ. ಮೈಮೇಲೆ ದೊಡ್ಡ ಗಾಯ ಕೂಡ ಇರುತ್ತಿರಲಿಲ್ಲ. ಹಾಗಾದರೆ ಸತ್ತಿದ್ದು ಯಾಕೆ? ಇದನ್ನು ಕಂಡುಹಿಡಿಯಲು ವಿದ್ಯುತ್ ಉದ್ಯಮದವರು ಸಂಶೋಧನೆಗೆ ದುಡ್ಡು ಕೊಟ್ಟರು. ಕರೆಂಟಿನ ಲೆಕ್ಕ ಗೊತ್ತಿದ್ದ ಕೌವೆನ್‌ಹೋವನ್ ಅವರು ಶರೀರಶಾಸ್ತ್ರದ ಡೊನಾಲ್ಡ್ ಹೂಕರ್ ಮತ್ತು ನರರೋಗ ತಜ್ಞ ಆರ್ಥೆಲೊ ಲ್ಯಾಂಗ್‌ವರ್ದಿ ಜೊತೆ ಸೇರಿದರು. ಹಾಪ್ಕಿನ್ಸ್‌ನ ಇಂಜಿನಿಯರಿಂಗ್ ಕ್ಯಾಂಪಸ್ಸು ಊರಿನ ಒಂದು ಕಡೆ, ಮೆಡಿಕಲ್ ಸ್ಕೂಲು ಇನ್ನೊಂದು ಕಡೆ. ಮೇಷ್ಟ್ರು ಈ ಎರಡರ ನಡುವೆ ಓಡಾಡಲು ಶುರು ಮಾಡಿದರು.

ಇಲ್ಲಿ ಸ್ವಲ್ಪ ಸೈನ್ಸ್ ಬೇಕು. ನಮ್ಮ ಹೃದಯ ಒಂದು ಪಂಪು, ಆದರೆ ಅದನ್ನು ನಡೆಸೋದು ಅದರೊಳಗೇ ಹುಟ್ಟುವ ಸಣ್ಣ ವಿದ್ಯುತ್ ಸಂಕೇತ. ಆ ಸಂಕೇತ ಕ್ರಮವಾಗಿ ಹರಡಿದಾಗ ಹೃದಯದ ಸ್ನಾಯುಗಳೆಲ್ಲ ಒಟ್ಟಿಗೆ ಹಿಂಡುತ್ತವೆ, ರಕ್ತ ಮುಂದಕ್ಕೆ ಹೋಗುತ್ತದೆ. ಹೊರಗಿನ ಕರೆಂಟು ಎದೆಯ ಮೂಲಕ ಹಾದುಹೋದರೆ ಈ ತಾಳ ತಪ್ಪಬಹುದು. ಡೊಳ್ಳು ಕುಣಿತದ ತಂಡದಲ್ಲಿ ಇಪ್ಪತ್ತು ಜನ ಇದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರೂ ತಮಗೆ ಬೇಕಾದ ಹಾಗೆ ಬಾರಿಸಿದರೆ ಸದ್ದು ಇರುತ್ತದೆ, ಆದರೆ ಕುಣಿತ ಇರಲ್ಲ. ಹೃದಯಕ್ಕೂ ಹಾಗೇ ಆಗುತ್ತದೆ. ಪ್ರತಿಯೊಂದು ಎಳೆಯೂ ನಡುಗುತ್ತಿರುತ್ತದೆ, ರಕ್ತ ಮಾತ್ರ ಒಂದು ಹನಿಯೂ ಮುಂದೆ ಹೋಗಲ್ಲ. ಇದಕ್ಕೆ ಫಿಬ್ರಿಲೇಷನ್ ಅಂತ ಹೆಸರು. ಲೈನ್‌ಮನ್‌ಗಳಲ್ಲಿ ಬೆನ್ನು ಒತ್ತಿದರೂ ಏಳದವರ ಹೃದಯದಲ್ಲಿ ಆಗಿದ್ದು ಇದೇ.

ವಿಚಿತ್ರ ಏನೆಂದರೆ ಇದಕ್ಕೆ ಮದ್ದೂ ಕರೆಂಟೇ. 1899ರಲ್ಲೇ ಜಿನೀವಾದ ಪ್ರೆವೋ ಮತ್ತು ಬಟೆಲ್ಲಿ ಎಂಬ ಇಬ್ಬರು ಇದನ್ನು ಗಮನಿಸಿದ್ದರು, ಆದರೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೂಕರ್, ಕೌವೆನ್‌ಹೋವನ್, ಲ್ಯಾಂಗ್‌ವರ್ದಿ ಅದನ್ನು ಮತ್ತೆ ಕೈಗೆತ್ತಿಕೊಂಡು, ಸರಿಯಾದ ಪ್ರಮಾಣದ ಇನ್ನೊಂದು ಶಾಕ್ ಕೊಟ್ಟರೆ ನಡುಗುವ ಹೃದಯ ಒಂದು ಕ್ಷಣ ನಿಂತು ಮತ್ತೆ ತಾಳಕ್ಕೆ ಬರುತ್ತದೆ ಎಂದು 1933ರಲ್ಲಿ ಪ್ರಕಟಿಸಿದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಹ್ಯಾಂಗ್ ಆದ ಸಿಸ್ಟಮ್ಮಿಗೆ ರೀಸ್ಟಾರ್ಟ್. ಈ ಪ್ರಯೋಗಗಳೆಲ್ಲ ನಡೆದದ್ದು ನಾಯಿಗಳ ಮೇಲೆ. ಇವತ್ತು ಓದುವಾಗ ನಮಗೆ ಸಂಕಟ ಆಗುತ್ತದೆ. ಆದರೂ ಈ ಕಥೆಯಿಂದ ಆ ಮೂಕಪ್ರಾಣಿಗಳನ್ನು ಬಿಟ್ಟುಬಿಡುವುದು ನ್ಯಾಯ ಅಲ್ಲ.

ಆಮೇಲೆ ಎರಡನೇ ಮಹಾಯುದ್ಧ ಬಂತು, ಕೆಲಸ ನಿಂತಿತು. 1947ರಲ್ಲಿ ಕ್ಲೀವ್‌ಲ್ಯಾಂಡಿನ ಸರ್ಜನ್ ಕ್ಲಾಡ್ ಬೆಕ್ ಆಪರೇಷನ್ ಥಿಯೇಟರಿನಲ್ಲಿ 14 ವರ್ಷದ ಹುಡುಗನೊಬ್ಬನ ಹೃದಯಕ್ಕೆ ನೇರವಾಗಿ ಶಾಕ್ ಕೊಟ್ಟು ಬದುಕಿಸಿದರು. ಮನುಷ್ಯರಲ್ಲಿ ಅದೇ ಮೊದಲು. ಆದರೆ ಅದಕ್ಕೆ ಎದೆ ಬಿಚ್ಚಿರಬೇಕಿತ್ತು. ಕಂಬದ ಕೆಳಗೆ ಬಿದ್ದಿರುವ ಲೈನ್‌ಮನ್‌ನ ಎದೆ ಬಿಚ್ಚುವವರು ಯಾರು? ಕೌವೆನ್‌ಹೋವನ್ ಅವರಿಗೆ ಬೇಕಿದ್ದದ್ದು ಎದೆಯ ಮೇಲಿಂದಲೇ ಶಾಕ್ ಕೊಡುವ ಯಂತ್ರ.

ಅಷ್ಟರಲ್ಲಿ ಅವರು ರಿಟೈರ್ ಆದರು. ನಮ್ಮಲ್ಲಾದರೆ ಶಾಲು ಹೊದಿಸಿ, ಹಾರ ಹಾಕಿ, ಗ್ರೂಪ್ ಫೋಟೋ ತೆಗೆದು ಕಳಿಸಿಬಿಡುತ್ತಿದ್ದೆವು. ಅಲ್ಲಿ ಆಲ್ಫ್ರೆಡ್ ಬ್ಲಲಾಕ್ ಎಂಬ ಪ್ರಖ್ಯಾತ ಸರ್ಜನ್ ತಮ್ಮ ಶಸ್ತ್ರಚಿಕಿತ್ಸಾ ವಿಭಾಗದಲ್ಲೇ ಮೇಷ್ಟ್ರಿಗೆ ಜಾಗ ಕೊಟ್ಟರು. ಎಪ್ಪತ್ತು ದಾಟಿದ ಇಂಜಿನಿಯರ್ ಡಾಕ್ಟರುಗಳ ಮಧ್ಯೆ ಮತ್ತೆ ಲ್ಯಾಬ್ ಶುರು ಮಾಡಿದರು. 1956ರಲ್ಲಿ ಬೋಸ್ಟನ್ನಿನ ಪಾಲ್ ಝೋಲ್ ಎದೆ ಬಿಚ್ಚದೆ ಶಾಕ್ ಕೊಡುವುದರಲ್ಲಿ ಗೆದ್ದರು. 1957ರ ಹೊತ್ತಿಗೆ ಹಾಪ್ಕಿನ್ಸ್‌ನ ಯಂತ್ರವೂ ತಯಾರಾಗಿ ರೋಗಿಯ ಮೇಲೆ ಕೆಲಸ ಮಾಡಿತು. ಆದರೆ ಅದು ತುಂಬ ಭಾರ. ತಳ್ಳಿಕೊಂಡು ವಾರ್ಡಿಗೆ ಒಯ್ಯಬಹುದಿತ್ತೇ ಹೊರತು ಕಂಬದ ಹತ್ತಿರಕ್ಕೆ ಅಲ್ಲ. ಮಿದುಳಿಗೆ ರಕ್ತ ನಿಂತರೆ ನಾಲ್ಕೈದು ನಿಮಿಷದಲ್ಲೇ ಅದು ಹಾಳಾಗಲು ಶುರುವಾಗುತ್ತದೆ. ಯಂತ್ರ ಬರುವ ತನಕ ಏನು ಮಾಡೋದು? ಮೂವತ್ತು ವರ್ಷದ ದುಡಿಮೆ ಈ ಪ್ರಶ್ನೆಯ ಮುಂದೆ ಬಂದು ನಿಂತಿತು.

ಉತ್ತರ ಕಂಡದ್ದು ಅವರ ವಿದ್ಯಾರ್ಥಿಗೆ. ಗೈ ನಿಕರ್‌ಬಾಕರ್ ಎಂಬ ಎಲೆಕ್ಟ್ರಿಕಲ್ ಓದುತ್ತಿದ್ದ ಹುಡುಗ 1958ರಲ್ಲಿ ಪ್ರಯೋಗ ನಡೆಸುತ್ತಿದ್ದಾಗ ಒಂದು ವಿಷಯ ಗಮನಿಸಿದ. ಶಾಕ್ ಕೊಡುವ ಭಾರವಾದ ಪ್ಯಾಡಲ್‌ಗಳನ್ನು ನಾಯಿಯ ಎದೆಗೆ ಒತ್ತಿದಾಗ, ಕರೆಂಟು ಕೊಡುವುದಕ್ಕೆ ಮುಂಚೆಯೇ ರಕ್ತದೊತ್ತಡ ತೋರಿಸುವ ಗೆರೆ ಸ್ವಲ್ಪ ಮೇಲೆದ್ದಿತು. ಹೃದಯ ನಿಂತಿದೆ, ಆದರೂ ಒತ್ತಡ ಬಂತು! ನಾವು ಲ್ಯಾಬಿನಲ್ಲಿ ಎಷ್ಟು ಸಲ ಬೇಡದ ರೀಡಿಂಗನ್ನು ಎರರ್ ಅಂತ ಬರೆದು ಮುಂದೆ ಹೋಗುತ್ತೇವೆ. ಆ ಹುಡುಗ ಹೋಗಲಿಲ್ಲ. ಮೇಷ್ಟ್ರೂ ನಿನ್ನ ಕೆಲಸ ನೀನು ನೋಡು ಅಂತ ಗದರಲಿಲ್ಲ. ಯಂತ್ರದ ಕೆಲಸವನ್ನೇ ಬದಿಗಿಟ್ಟು, ಎಲ್ಲಿ ಒತ್ತಬೇಕು, ಎಷ್ಟು ಆಳ, ಎಷ್ಟು ವೇಗ ಅಂತ ಒಂದೊಂದೇ ಪರೀಕ್ಷಿಸಲು ಕೂತರು. ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಜೇಮ್ಸ್ ಜೂಡ್ ಎಂಬ ಯುವ ಸರ್ಜನ್ ಇದರ ಬೆಲೆ ಅರ್ಥ ಮಾಡಿಕೊಂಡು ಜೊತೆಯಾದರು.

1959ರಲ್ಲಿ ಆಪರೇಷನ್‌ಗಾಗಿ ಅರಿವಳಿಕೆ ಕೊಡುವಾಗ ಒಬ್ಬ ಮಹಿಳೆಯ ಹೃದಯ ನಿಂತುಹೋಯಿತು. ಆಗಿನ ಪದ್ಧತಿ ಪ್ರಕಾರ ಎದೆ ಕೊಯ್ದು, ಹೃದಯವನ್ನು ಕೈಯಲ್ಲಿ ಹಿಡಿದು ಹಿಂಡಬೇಕಿತ್ತು. ಜೂಡ್ ಕತ್ತಿ ತೆಗೆದುಕೊಳ್ಳಲಿಲ್ಲ, ಎದೆಯ ಮೇಲಿಂದಲೇ ಒತ್ತಿದರು. ನಾಡಿ ವಾಪಸ್ ಬಂತು. ಆಕೆಗೆ ಆಮೇಲೆ ಆಪರೇಷನ್ನೂ ಆಯಿತು, ಗುಣವೂ ಆದರು. 1960ರ ಜುಲೈಯಲ್ಲಿ ಮೂವರ ಹೆಸರಿನಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಲೇಖನ ಬಂತು. ಅದರಲ್ಲಿದ್ದ 20 ರೋಗಿಗಳಲ್ಲಿ 14 ಮಂದಿ ಬದುಕುಳಿದಿದ್ದರು. ಅವರೆಲ್ಲ ಆಸ್ಪತ್ರೆಯ ಒಳಗೇ ಇದ್ದವರು, ಬೀದಿಯಲ್ಲಿ ಬಿದ್ದವರ ಲೆಕ್ಕ ಅಷ್ಟು ಚೆನ್ನಾಗಿರುವುದಿಲ್ಲ. ಆದರೂ ಆ ಲೇಖನದ ಸಾರ ಮುಖ್ಯವಾದದ್ದು: ನಿಂತ ಹೃದಯಕ್ಕೆ ಸಹಾಯ ಮಾಡಲು ಆಪರೇಷನ್ ಥಿಯೇಟರ್ ಬೇಕಿಲ್ಲ, ಎರಡು ಕೈ ಇರುವ ಯಾರು ಬೇಕಾದರೂ ಎಲ್ಲಿ ಬೇಕಾದರೂ ಶುರು ಮಾಡಬಹುದು. 1891ರ ಸುಮಾರಿಗೇ ಜರ್ಮನಿಯ ಫ್ರೆಡ್ರಿಕ್ ಮಾಸ್ ಎಂಬ ವೈದ್ಯರು ಎದೆ ಒತ್ತಿ ರೋಗಿಯನ್ನು ಉಳಿಸಿದ್ದರು, ಜಗತ್ತು ಅದನ್ನು ಮರೆತಿತ್ತು. ಈ ಸಲ ಅಳತೆ ಮಾಡಿದ ಸಾಕ್ಷಿ ಇತ್ತು, ಹಾಗಾಗಿ ಮರೆಯಲಿಲ್ಲ. ಬಾಲ್ಟಿಮೋರಿನಲ್ಲೇ ಇದ್ದ ಪೀಟರ್ ಸಫಾರ್ ಅವರ ಬಾಯಿಂದ ಬಾಯಿಗೆ ಉಸಿರು ಕೊಡುವ ವಿಧಾನವೂ ಇದಕ್ಕೆ ಸೇರಿ ಇವತ್ತಿನ ಸಿಪಿಆರ್ ಆಯಿತು.

1961ರಲ್ಲಿ ಇಂಜಿನಿಯರುಗಳು ಅವರಿಗೆ ಎಡಿಸನ್ ಪದಕ ಕೊಟ್ಟರು. 1969ರಲ್ಲಿ, 83ನೇ ವಯಸ್ಸಿನಲ್ಲಿ, ಹಾಪ್ಕಿನ್ಸ್ ವಿಶ್ವವಿದ್ಯಾಲಯ ಅವರಿಗೆ ಗೌರವ ಎಂ.ಡಿ. ಪದವಿ ಕೊಟ್ಟಿತು. ಆ ಸಂಸ್ಥೆ ಅಂಥ ಪದವಿ ಕೊಟ್ಟದ್ದು ಅದೇ ಮೊದಲು. 1973ರಲ್ಲಿ ಪಾಲ್ ಝೋಲ್ ಜೊತೆ ಲ್ಯಾಸ್ಕರ್ ಪ್ರಶಸ್ತಿ ಬಂತು. 1975ರ ನವೆಂಬರ್ 10ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟು ಓದಿ ಮೊಬೈಲ್ ಕೆಳಗಿಟ್ಟರೆ ಮೇಷ್ಟ್ರ ಕೆಲಸ ನಮಗೆ ತಲುಪಿದ ಹಾಗಾಗಲ್ಲ. ನಮ್ಮ ಊರುಗಳಲ್ಲಿ ಯಾರಾದರೂ ದೊಪ್ಪನೆ ಬಿದ್ದರೆ ಏನಾಗುತ್ತದೆ? ಸುತ್ತ ಜನ ಸೇರುತ್ತಾರೆ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ, ಒಬ್ಬರು ಬಾಯಿಗೆ ಸೋಡಾ ಹಾಕುತ್ತಾರೆ, ಇನ್ನೊಬ್ಬರು ಕೈಗೆ ಬೀಗದಕೈ ತುರುಕುತ್ತಾರೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನು ಹಾಕಿದರೂ ಅದು ಶ್ವಾಸನಾಳಕ್ಕೆ ಹೋಗಬಹುದು. ಹೃದಯ ನಿಂತಿದ್ದರೆ, ಸಿಪಿಆರ್ ಇಲ್ಲದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕಡಿಮೆ ಆಗುತ್ತಾ ಹೋಗುತ್ತದೆ.

ಗುರುತಿಸೋದು ಹೀಗೆ. ಭುಜ ತಟ್ಟಿ ಜೋರಾಗಿ ಕೂಗಿ. ಎಚ್ಚರ ಆಗುತ್ತಿಲ್ಲ, ಎದೆ ಸರಿಯಾಗಿ ಏರಿಳಿಯುತ್ತಿಲ್ಲ ಅಂದರೆ ಹೃದಯ ನಿಂತಿದೆ ಅಂತಲೇ ತಿಳಿಯಿರಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುವ ಉಸಿರು ಉಸಿರಾಟ ಅಲ್ಲ, ಅದನ್ನು ನೋಡಿ ಮೋಸ ಹೋಗಬೇಡಿ. 108 ಅಥವಾ 112ಕ್ಕೆ ಒಬ್ಬರು ಫೋನ್ ಮಾಡಲಿ, ಸ್ಪೀಕರ್ ಆನ್ ಇರಲಿ. ಎಇಡಿ ಯಂತ್ರ ಹತ್ತಿರ ಇದ್ದರೆ ಇನ್ನೊಬ್ಬರು ತರಲಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವಿನ ಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈ ಬುಡ ಇಟ್ಟು, ಇನ್ನೊಂದು ಕೈ ಅದರ ಮೇಲಿಟ್ಟು, ಮೊಣಕೈ ಮಡಚದೆ 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲಿ, ಆಗಲೇ ಹೃದಯಕ್ಕೆ ರಕ್ತ ತುಂಬೋದು. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಆಗ ಬೇರೆಯವರು ಕೈ ಕೊಡಲಿ, ಒತ್ತೋದು ಮಾತ್ರ ನಿಲ್ಲಬಾರದು. ಉಸಿರು ಕೊಡುವುದನ್ನು ತರಬೇತಿಯಲ್ಲಿ ಕಲಿಯಬೇಕು, ನೀರಿನಲ್ಲಿ ಮುಳುಗಿದವರಿಗೆ ಅದು ಬಹಳ ಮುಖ್ಯ.

ಹಾರ್ಟ್ ಅಟ್ಯಾಕ್ ಅಂದರೆ ಹೃದಯ ನಿಂತಿದೆ ಅಂತಲ್ಲ. ಅಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ, ಮನುಷ್ಯ ಮಾತಾಡುತ್ತಿರುತ್ತಾನೆ. ಎದೆ ಹಿಂಡಿದ ಹಾಗೆ ನೋವು, ತಣ್ಣನೆ ಬೆವರು, ಎಡಗೈಗೋ ದವಡೆಗೋ ಹರಡುವ ನೋವು ಇದ್ದರೆ ಗ್ಯಾಸ್ಟ್ರಿಕ್ ಅಂತ ಈನೋ ಕುಡಿಸಿ ಕೂರಿಸಬೇಡಿ, ತಕ್ಷಣ ಆಂಬ್ಯುಲೆನ್ಸ್ ಕರೆಸಿ. ಅದೇ ಮುಂದೆ ಹೃದಯ ನಿಲ್ಲುವುದಕ್ಕೆ ದಾರಿ ಆಗಬಹುದು.

ಶಾಕ್ ಹೊಡೆದಿದ್ದರೆ ಮೊದಲು ಮುಟ್ಟಬೇಡಿ, ಮೇನ್ ಸ್ವಿಚ್ ಆಫ್ ಮಾಡಿ. ಹೈ ಟೆನ್ಷನ್ ತಂತಿ ಆದರೆ ಹತ್ತಿರವೂ ಹೋಗದೆ 1912ಕ್ಕೆ ಫೋನ್ ಮಾಡಿ. ಕರೆಂಟು ಹೋದದ್ದು ಖಚಿತ ಆದ ಮೇಲೆ ನಿಮ್ಮ ಎರಡು ಕೈಗೆ ಕೆಲಸ.

ಎಲೆಕ್ಟ್ರಿಕಲ್ ಲ್ಯಾಬಿನ ಗೋಡೆ ಮೇಲೆ ಶಾಕ್ ಚಿಕಿತ್ಸೆಯ ಚಾರ್ಟ್ ಇರುತ್ತದೆ. ನಾವೆಲ್ಲ ಅದರ ಮುಂದೆಯೇ ನಿಂತು ವೈರಿಂಗ್ ಮಾಡುತ್ತೇವೆ, ಓದುವವರು ಕಡಿಮೆ. ಈ ಸೆಮ್ ಮುಗಿಯುವುದರೊಳಗೆ ಬೊಂಬೆಯ ಮೇಲೆ ಎದೆ ಒತ್ತುವ ತರಬೇತಿಯನ್ನು ಕಾಲೇಜಿನಲ್ಲಿ ನಡೆಸಬೇಕು ಅಂತ ನಾವು ಬಳಗದಿಂದ ಕೇಳುತ್ತಿದ್ದೇವೆ. ಯಾವ ಬ್ರಾಂಚ್ ಆದರೂ ಪರವಾಗಿಲ್ಲ, ಬನ್ನಿ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ: ನಿಮ್ಮ ಲ್ಯಾಬಿನ ಮತ್ತು ಹಾಸ್ಟೆಲಿನ ಮೇನ್ ಸ್ವಿಚ್ ಎಲ್ಲಿದೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ.