ಹಕ್ಕಿಗಾಗಿ ಕಾಡನ್ನು ಕೇಳಿದ ಸಲೀಂ ಅಲಿ

ಪಕ್ಷಿಶಾಸ್ತ್ರವೆಂದೊಡನೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವ ಹೆಸರು ಡಾ| ಸಲೀಂ ಅಲಿಯವರದು. 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಅವರು ಮನೆಯ ಮಕ್ಕಳಲ್ಲಿ ಕೊನೆಯವರು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಮಾವನಿಗೆ ಶಿಕಾರಿಯ ಹುಚ್ಚು. ಹುಡುಗನ ಕೈಗೂ ಏರ್‌ಗನ್ ಬಂತು. ಒಂದು ದಿನ ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡು, ಅದಾವ ಜಾತಿಯೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದರು. ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು ಸಂಸ್ಥೆಯ ಪಕ್ಷಿ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು. ಹುಡುಗನ ದಾರಿ ಅಲ್ಲಿಗೆ ನಿಶ್ಚಯವಾಯಿತು.

ಹೊಟ್ಟೆಪಾಡು ಮಾತ್ರ ಸುಲಭದ್ದಾಗಿರಲಿಲ್ಲ. ಬರ್ಮಾದ ವ್ಯಾಪಾರ ಕೈಹಿಡಿಯಲಿಲ್ಲ. ಬರ್ಲಿನ್‌ನಲ್ಲಿ ತರಬೇತು ಪಡೆದು 1930ರಲ್ಲಿ ಮರಳುವಾಗ ಮ್ಯೂಸಿಯಂನ ಕೆಲಸವೂ ಇಲ್ಲವಾಗಿತ್ತು. ಪತ್ನಿ ತೆಹ್ಮೀನಾರೊಡನೆ ಕಿಹೀಂ ಎಂಬ ಕಡಲತಡಿಯ ಹಳ್ಳಿಗೆ ಹೋಗಿ ಗೀಜಗನ ಬಾಳುವೆಯನ್ನು ತಿಂಗಳುಗಟ್ಟಲೆ ನೋಡುತ್ತ ಕುಳಿತರು. ಗಂಡು ಅರ್ಧ ಗೂಡು ಹೆಣೆದು ಕಾಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಆ ಬಳಿಕ ಗಂಡು ಇನ್ನೊಂದು ಗೂಡಿಗೆ, ಇನ್ನೊಬ್ಬಳಿಗೆ ಅಣಿಯಾಗುತ್ತದೆ! ಗದ್ದೆ ಬದಿಯ ತಾಳೆಮರದಲ್ಲಿ ಈ ಗೂಡುಗಳನ್ನು ದಿನವೂ ಕಂಡ ನಮಗೆ ಇದು ಹೊಳೆದಿತ್ತೇ?

ಮುಂದೆ ಸಂಸ್ಥಾನಗಳು ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡವೆಂದು ಪಕ್ಷಿ ಸರ್ವೇಕ್ಷಣೆಗೆ ಹೊರಟರು. 1933ರಲ್ಲಿ ತಿರುವಿದಾಂಕೂರು, ಕೊಚ್ಚಿಯ ಕಾಡುಗಳನ್ನು ಸುತ್ತಿದರು. 1939ರಲ್ಲಿ ಪತ್ನಿ ತೀರಿಕೊಂಡರು. ಆ ದುಃಖದಲ್ಲೇ ಮೈಸೂರು ಸಂಸ್ಥಾನದ ಸರ್ವೇಕ್ಷಣೆ ನಡೆಯಿತು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳನ್ನು ಕಂಡು ಅವರು ಅರಮನೆಗೆ ಅರಿಕೆ ಮಾಡಿದ್ದರಿಂದ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಈ ಸರ್ವೇಕ್ಷಣೆಗಳಲ್ಲಿ ಮಾದರಿಗಾಗಿ ಹಕ್ಕಿಗಳನ್ನು ಹೊಡೆದದ್ದೂ ಉಂಟು, ಅದನ್ನವರು ಮುಚ್ಚಿಡಲಿಲ್ಲ. ಒಂದೊಂದು ಹಕ್ಕಿಯ ಪ್ರಾಣಕ್ಕಿಂತ ಅದರ ಕುಲ ನಿಲ್ಲುವ ನೆಲೆ ಮುಖ್ಯವೆಂಬುದು ಅವರ ನಿಲುವು. ಕೆಲವರಿಗೆ ಇದು ಒಪ್ಪಿಗೆಯಾಗದು. ಆದರೆ ಮರ ಕಡಿದ ಮೇಲೆ ಬಂದೂಕು ಕೆಳಗಿಟ್ಟು ಫಲವೇನು?

ಆ ನಿಲುವಿನ ಪರೀಕ್ಷೆ ಮುಪ್ಪಿನಲ್ಲಿ ಬಂತು. ಪಾಲಕ್ಕಾಡು ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆಗೆ 1973ರಲ್ಲಿ ಅನುಮತಿ ದೊರಕಿತ್ತು. ಮಲಬಾರಿಗೆ ವಿದ್ಯುತ್ತಿನ ಅಗತ್ಯ ಸುಳ್ಳಲ್ಲ. ಆದರೆ ಮುಳುಗುವುದು ಸಿಂಗಳೀಕಗಳಿಗೆ ಆಸರೆಯಾದ ಮಳೆಕಾಡು. ಸಲೀಂ ಅಲಿಯವರು ಸ್ವತಃ ಅಲ್ಲಿಗೆ ಹೋಗಿ ನೋಡಿ, ಯೋಜನೆ ಕೈಬಿಡುವಂತೆ ಮನವಿ ಮಾಡಿದರು. ಕೇರಳದ ಅಧ್ಯಾಪಕರು, ಕವಿಗಳು, ಶಾಸ್ತ್ರಸಾಹಿತ್ಯ ಪರಿಷತ್ತಿನವರು ಹೋರಾಟ ಬಿಡಲಿಲ್ಲ. 1983ರಲ್ಲಿ ಯೋಜನೆ ನಿಂತಿತು. ಮರುವರ್ಷ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

1933ರಲ್ಲಿ ಅವರನ್ನು ಬೆರಗುಗೊಳಿಸಿದ್ದ ಪೆರಿಯಾರ್ ದಂಡೆಯ ತಟ್ಟೇಕ್ಕಾಡು ಪಕ್ಷಿಧಾಮವಾದದ್ದೂ 1983ರಲ್ಲೇ, ಐವತ್ತು ವರ್ಷಗಳ ತರುವಾಯ. 1987ರ ಜೂನ್ 20ರಂದು ಮುಂಬಯಿಯಲ್ಲಿ ಅವರು ನಿಧನರಾದರು. ತಟ್ಟೇಕ್ಕಾಡು ಈಗ ಅವರ ಹೆಸರನ್ನೇ ಹೊತ್ತಿದೆ. ಒಣಗಿದ ಎಲೆಯಂತೆ ಕೊಂಬೆಯಲ್ಲಿ ಹಗಲೆಲ್ಲ ಅಲುಗದೆ ಕೂರುವ ಕಪ್ಪೆಬಾಯಿ ಹಕ್ಕಿಯನ್ನು ಹುಡುಕಿಕೊಂಡು ಜನ ದೂರದೂರದಿಂದ ಅಲ್ಲಿಗೆ ಬರುತ್ತಾರೆ.