ಷರತ್ತಿನ ಹಣ ಬೇಡವೆಂದ ಕುಲಪತಿ



ಕನ್ನಡ ಶಾಲೆಯಲ್ಲಿ ಓದುತ್ತಿರುವ ನಿಮ್ಮ ಮಕ್ಕಳು ನಾಳೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವವರು. ಅದು ಯಾರ ಹಣದಿಂದ ನಡೆಯುತ್ತದೆ, ಹಣ ಕೊಡುವವರು ಬದಲಿಗೆ ಏನು ಕೇಳುತ್ತಾರೆ ಎಂಬುದು ನಮಗೂ ಸಂಬಂಧಿಸಿದ ವಿಷಯ. ಆದ್ದರಿಂದ ಈ ಸಲ ಬಂಗಾಳದ ಸರ್ ಅಶುತೋಷ್ ಮುಖರ್ಜಿಯವರ ಕಥೆ ಹೇಳುತ್ತೇನೆ.

ಅವರು ಹುಟ್ಟಿದ್ದು 1864ರಲ್ಲಿ, ಕಲ್ಕತ್ತೆಯಲ್ಲಿ. ಗಣಿತದಲ್ಲಿ ಅಸಾಧಾರಣ ಬುದ್ಧಿ. ಆದರೆ 1857ರಲ್ಲಿ ಸ್ಥಾಪನೆಯಾದ ಅಲ್ಲಿನ ವಿಶ್ವವಿದ್ಯಾಲಯ ಆಗ ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿಯಂತಿತ್ತು. ಅದರ ಖರ್ಚು ಬಹುಪಾಲು ವಿದ್ಯಾರ್ಥಿಗಳು ಕಟ್ಟುವ ಶುಲ್ಕದಿಂದಲೇ ಸಾಗುತ್ತಿತ್ತು. ಅಶುತೋಷರು ವಕೀಲರಾದರು, 1904ರಲ್ಲಿ ಹೈಕೋರ್ಟ್ ನ್ಯಾಯಾಧೀಶರಾದರು. 1906ರಲ್ಲಿ ಆ ಹುದ್ದೆಯಲ್ಲಿದ್ದುಕೊಂಡೇ ಕುಲಪತಿಯೂ ಆದರು.

ಪರೀಕ್ಷೆಯ ಕಚೇರಿಯನ್ನು ಪಾಠ ಮತ್ತು ಸಂಶೋಧನೆಯ ಮನೆ ಮಾಡಲು ಅವರು ಹೊರಟರು. ವಿಜ್ಞಾನ ಕಾಲೇಜಿಗೆ ಸರ್ಕಾರದಿಂದ ಬೇಕಾದಷ್ಟು ಹಣ ಸಿಗಲಿಲ್ಲ. ಆಗ ಕೈ ಹಿಡಿದವರು ಇಬ್ಬರು ವಕೀಲರು: ತಾರಕನಾಥ ಪಾಲಿತ್ ಸುಮಾರು 15 ಲಕ್ಷ ರೂಪಾಯಿಯ ಹಣ ಮತ್ತು ಆಸ್ತಿ ಕೊಟ್ಟರು, ರಾಸಬಿಹಾರಿ ಘೋಷ್ 10 ಲಕ್ಷ ಕೊಟ್ಟರು. 1914ರಲ್ಲಿ ಅಡಿಗಲ್ಲು ಬಿತ್ತು. ಸರ್ಕಾರದ ಹಣಕಾಸು ಇಲಾಖೆಯಲ್ಲಿ ಒಳ್ಳೆಯ ಸಂಬಳದಲ್ಲಿದ್ದ ಸಿ.ವಿ. ರಾಮನ್ ಅದನ್ನು ಬಿಟ್ಟು, ಕಡಿಮೆ ಸಂಬಳಕ್ಕೆ 1917ರಲ್ಲಿ ಪಾಲಿತ್ ಪ್ರಾಧ್ಯಾಪಕರಾಗಿ ಬಂದರು.

ನಮ್ಮ ಕಡೆಗೂ ಅವರ ನಂಟಿದೆ. ಮೈಸೂರು ಸರ್ಕಾರ ತನ್ನದೇ ಖರ್ಚಿನಲ್ಲಿ ವಿಶ್ವವಿದ್ಯಾಲಯ ತೆರೆದದ್ದು 1916ರಲ್ಲಿ. ಅದರ ಮೊದಲ ಘಟಿಕೋತ್ಸವಕ್ಕೆ 1918ರಲ್ಲಿ ಬಂದು ಭಾಷಣ ಮಾಡಿದವರು ಅಶುತೋಷರು. ಅವರು ಸದಸ್ಯರಾಗಿದ್ದ ಸ್ಯಾಡ್ಲರ್ ಆಯೋಗ, ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮತ್ತು ಗಣಿತ ಬಿಟ್ಟು ಉಳಿದ ಪಾಠಗಳು ಮಾತೃಭಾಷೆಯಲ್ಲಿರಲಿ ಎಂದು ಸಲಹೆ ಕೊಟ್ಟಿತು. 1919ರಲ್ಲಿ ಕಲ್ಕತ್ತೆಯಲ್ಲಿ ದೇಶಭಾಷೆಗಳಲ್ಲಿ ಎಂ.ಎ. ಓದಲು ಅವಕಾಶವಾಯಿತು. ಮನೆಯ ಮಾತು ಶಾಲೆಯ ಅಂಗಳಕ್ಕಷ್ಟೇ ಸಾಕು ಎನ್ನುವವರು ಆಗಲೂ ಇದ್ದರು!

ಆದರೆ ಇದ್ದ ಹಣಕ್ಕಿಂತ ಹೆಚ್ಚು ವಿಭಾಗಗಳನ್ನು ಅವರು ತೆರೆದಿದ್ದರು ಎಂಬ ಟೀಕೆಯನ್ನು ಪೂರ್ತಿ ತಳ್ಳಿಹಾಕಲಾರೆ. 1921ರಲ್ಲಿ ಅವರು ಮತ್ತೆ ಕುಲಪತಿಯಾದಾಗ ಬೊಕ್ಕಸ ಬರಿದಾಗಿತ್ತು, ಅಧ್ಯಾಪಕರ ಸಂಬಳ ಬಾಕಿಯಿತ್ತು. 1922ರಲ್ಲಿ ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂತು, ಜೊತೆಗೆ ಷರತ್ತುಗಳ ಪಟ್ಟಿ. ಲೆಕ್ಕ ಒಪ್ಪಿಸಬೇಕೆಂಬುದಷ್ಟೇ ಆಗಿದ್ದರೆ ತಕರಾರಿರಲಿಲ್ಲ. ಹೊಸದಾಗಿ ಏನನ್ನೂ ವಿಸ್ತರಿಸಬಾರದು ಎಂಬಂಥ ಕಟ್ಟುಪಾಡುಗಳೂ ಇದ್ದವು. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಅನುದಾನದ ಆದೇಶ ಬಂದರೆ ಮೊತ್ತ ನೋಡುವ ಮೊದಲು ಕೊನೆಯ ಪುಟದ ಷರತ್ತು ಓದುತ್ತಿದ್ದೆ. ಆ ಕಷ್ಟ ನನಗೆ ಗೊತ್ತು. ಅಶುತೋಷರು ಸೆನೆಟ್ ಸಭೆಯಲ್ಲಿ ಹಣ ಬೇಡವೆಂದು ವಾದಿಸಿದರು. ಸೆನೆಟ್ ಅವರ ಮಾತಿಗೆ ನಿಂತಿತು. ಸಂಬಳವಿಲ್ಲದ ಮನೆಗಳಲ್ಲಿ ಆ ರಾತ್ರಿ ಹೇಗಿತ್ತೋ, ಅದನ್ನೂ ನೆನೆಯಬೇಕು.

ಮರುವರ್ಷ ಗವರ್ನರ್ ಲಿಟ್ಟನ್, ಸರ್ಕಾರವನ್ನು ವಿರೋಧಿಸುವುದು ಬಿಟ್ಟರೆ ಕುಲಪತಿ ಹುದ್ದೆ ಮುಂದುವರಿಸುವುದಾಗಿ ಬರೆದರು. ಅಶುತೋಷರು ಖಾರವಾದ ಉತ್ತರ ಬರೆದು ಹುದ್ದೆಯನ್ನೇ ನಿರಾಕರಿಸಿದರು. ಅದೇ ವರ್ಷ ನ್ಯಾಯಾಧೀಶರ ಕೆಲಸದಿಂದ ನಿವೃತ್ತರಾಗಿ ಮತ್ತೆ ವಕೀಲಿಗೆ ಇಳಿದರು. ಮೊಕದ್ದಮೆಯೊಂದಕ್ಕೆಂದು ಪಾಟ್ನಾಕ್ಕೆ ಹೋಗಿದ್ದಾಗ 1924ರ ಮೇ 25ರಂದು ಅಲ್ಲೇ ತೀರಿಕೊಂಡರು. ಇನ್ನೊಂದು ತಿಂಗಳು ಕಳೆದಿದ್ದರೆ ಅರವತ್ತು ತುಂಬುತ್ತಿತ್ತು.